ಹೊರಡುತ್ತಿರುವ ಹಿರಿಯ ಉದ್ಯೋಗಿಯ ಕೈಯಲ್ಲೇ ಎಲ್ಲ ಕೀಲಿಗಳಿವೆ, ಈಗೇನು ಮಾಡಬೇಕು?

ಪ್ರಶ್ನೆ: ನಮ್ಮದು 22 ಜನರ ಸಂಸ್ಥೆ. ಗ್ರಾಹಕರಿಗೆ ಜಾಲತಾಣಗಳನ್ನು ಕಟ್ಟಿಕೊಟ್ಟು, ಅವುಗಳನ್ನು ನಿರ್ವಹಿಸುವುದು ನಮ್ಮ ಕೆಲಸ. ಮೊದಲ ದಿನದಿಂದಲೂ ಜೊತೆಗಿದ್ದ ಹಿರಿಯ ಉದ್ಯೋಗಿಯೊಬ್ಬರು ಕಳೆದ ವಾರ ರಾಜೀನಾಮೆ ಕೊಟ್ಟಿದ್ದಾರೆ. ನೋಟಿಸ್ ಅವಧಿ ಒಂದು ತಿಂಗಳು. ಸರ್ವರ್, ಡೊಮೇನ್ (ಜಾಲತಾಣದ ಹೆಸರು-ವಿಳಾಸ), ಗ್ರಾಹಕರ ಪಾಸ್‌ವರ್ಡ್, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಅವರೇ. ನಮ್ಮ ನಡುವೆ ಮನಸ್ತಾಪವೇನಿಲ್ಲ, ಆದರೆ ಅವರು ಸೇರಲಿರುವುದು ನಮ್ಮದೇ ಕ್ಷೇತ್ರದ ಇನ್ನೊಂದು ಸಂಸ್ಥೆಯನ್ನು. ಇವತ್ತೇ ಎಲ್ಲ ಲಾಗಿನ್ ಬಂದ್ ಮಾಡಿ ಖಾತೆಯನ್ನು ಅಳಿಸಿಬಿಡಿ ಎಂದು ನನ್ನ ಪಾಲುದಾರರು ಹೇಳುತ್ತಾರೆ. ನನಗೆ ಅದು ಅವರನ್ನು ಅವಮಾನಿಸಿದಂತೆ ಅನ್ನಿಸುತ್ತದೆ, ಕೆಲಸ ನಿಂತುಹೋದೀತೆಂಬ ಹೆದರಿಕೆಯೂ ಇದೆ. ಗೌಪ್ಯತೆಯ ಒಪ್ಪಂದಕ್ಕೆ ಅವರು ಸಹಿ ಹಾಕಿದ್ದಾರೆ, ಅದು ಸಾಲದೇ? ಗ್ರಾಹಕರೊಡನೆ ನಡೆದ ಮಾತುಕತೆಯಲ್ಲಿ ಬಹಳಷ್ಟು ಅವರ ಸ್ವಂತ ಫೋನಿನ ವಾಟ್ಸ್‌ಆ್ಯಪ್‌ನಲ್ಲಿದೆ, ಅದನ್ನೇನು ಮಾಡುವುದು? ಅವರು ಹೋದ ಮೇಲೆ ಅವರ ಮೇಲ್ ತೆರೆದು ನೋಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಹೆಣೆದುಕೊಂಡಿವೆ. ಹೋಗುವವರು ಏನನ್ನಾದರೂ ಒಯ್ದಾರು ಅಥವಾ ಕೆಡಿಸಿಯಾರು ಎಂಬುದು ಒಂದು. ಅವರು ಹೋದ ಮರುದಿನ ಯಾವುದು ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂಬುದೇ ನಿಮಗೆ ತಿಳಿಯದೆ ಹೋದೀತು ಎಂಬುದು ಇನ್ನೊಂದು. ನಿಮ್ಮ ಪಾಲುದಾರರು ಮೊದಲನೆಯದಕ್ಕೆ ಮಾತ್ರ ಮದ್ದು ಹುಡುಕುತ್ತಿದ್ದಾರೆ. ಇಂಥ ನಿರ್ಗಮನಗಳನ್ನು ಹಲವು ಸಂಸ್ಥೆಗಳಲ್ಲಿ ಹತ್ತಿರದಿಂದ ಕಂಡಿರುವ ನನಗೆ, ನಿಮ್ಮ ಮಟ್ಟಿಗೆ ಎರಡನೆಯದೇ ದೊಡ್ಡದು ಎಂದು ತೋರುತ್ತದೆ. ಅದನ್ನು ಸರಿಪಡಿಸುತ್ತ ಹೋದರೆ ಮೊದಲನೆಯದರ ಬಹುಪಾಲು ತಾನಾಗಿಯೇ ಬಗೆಹರಿಯುತ್ತದೆ, ಏಕೆಂದರೆ ಎಷ್ಟು ಕೀಲಿಗಳಿವೆಯೆಂದು ಗೊತ್ತಿಲ್ಲದವರು ಬೀಗ ಬದಲಾಯಿಸಲು ಹೊರಟರೆ ಒಂದೆರಡು ಬಾಗಿಲುಗಳು ತೆರೆದೇ ಉಳಿಯುತ್ತವೆ.

ತೆರೆದೇ ಉಳಿದ ಬಾಗಿಲಿನಿಂದ ಏನಾಗಬಹುದು ಎಂಬುದಕ್ಕೆ ನ್ಯಾಯಾಲಯದ ದಾಖಲೆಯಲ್ಲಿರುವ ಒಂದು ಪ್ರಕರಣವನ್ನು ಹೇಳುತ್ತೇನೆ. ಸಿಸ್ಕೋ ಸಂಸ್ಥೆಯ ಎಂಜಿನಿಯರ್ ಒಬ್ಬರು 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಹೋದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅಂದರೆ ಐದು ತಿಂಗಳ ಬಳಿಕ, ಅವರು ಅಮೆಜಾನ್ ಕ್ಲೌಡ್‌ನಲ್ಲಿದ್ದ ಆ ಸಂಸ್ಥೆಯ ವ್ಯವಸ್ಥೆಯೊಳಗೆ ಹೊಕ್ಕು, ವೆಬೆಕ್ಸ್ ಟೀಮ್ಸ್ ಎಂಬ ವೀಡಿಯೊ ಸಭೆ ಮತ್ತು ಸಂದೇಶ ಸೇವೆಯನ್ನು ನಡೆಸುತ್ತಿದ್ದ 456 ವರ್ಚುವಲ್ ಮಶೀನುಗಳನ್ನು (ಸಾಫ್ಟ್‌ವೇರ್ ರೂಪದ ಕಂಪ್ಯೂಟರುಗಳನ್ನು) ಅಳಿಸಿಹಾಕಿದರು. 16,000ಕ್ಕೂ ಹೆಚ್ಚು ಬಳಕೆದಾರರ ಖಾತೆಗಳು ಎರಡು ವಾರಗಳವರೆಗೆ ನಿಂತವು. ದುರಸ್ತಿಗೆ ತಗುಲಿದ ಸಿಬ್ಬಂದಿ ವೆಚ್ಚವೇ ಸುಮಾರು 14 ಲಕ್ಷ ಡಾಲರ್. 2020ರ ಡಿಸೆಂಬರ್‌ನಲ್ಲಿ ಅವರಿಗೆ 24 ತಿಂಗಳ ಸೆರೆವಾಸವಾಯಿತು. ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ವ್ಯಕ್ತಿಯ ದುರುದ್ದೇಶಕ್ಕಿಂತ ಆ ಐದು ತಿಂಗಳುಗಳು. ಸುರಕ್ಷತೆಯ ಸಲಕರಣೆಗಳನ್ನೇ ಮಾರುವ ಸಂಸ್ಥೆಯಲ್ಲಿಯೂ ಹೋದವರಿಗೆ ಒಳದಾರಿ ಉಳಿದಿತ್ತು ಎಂದರೆ, 22 ಜನರ ಸಂಸ್ಥೆಯಲ್ಲಿ ಉಳಿಯುವುದು ಸೋಜಿಗವಲ್ಲ.

ಇನ್ನು, ಇವತ್ತೇ ಎಲ್ಲ ಬಂದ್ ಮಾಡಬೇಕೆಂಬ ವಾದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಎಂಬ ಸೈಬರ್ ಸುರಕ್ಷತಾ ವಿಭಾಗದವರು ಒಳಗಿನವರಿಂದಲೇ ನಡೆದ ಮಾಹಿತಿ ಕಳವಿನ ಪ್ರಕರಣಗಳನ್ನು ಬಹುಕಾಲ ಅಧ್ಯಯನ ಮಾಡಿದ್ದಾರೆ. ಉದ್ಯೋಗ ಬಿಡುವ ಹಿಂದುಮುಂದಿನ 30 ದಿನಗಳ ಮೇಲೆ ವಿಶೇಷವಾಗಿ ಕಣ್ಣಿಡಬೇಕೆಂಬುದು ಅವರು ಕಂಡುಕೊಂಡ ವಿಷಯಗಳಲ್ಲೊಂದು. ಇದರರ್ಥ, ಯಾರಾದರೂ ಕಡತಗಳನ್ನು ನಕಲು ಮಾಡಿಕೊಳ್ಳಬೇಕೆಂದಿದ್ದರೆ ರಾಜೀನಾಮೆ ಪತ್ರ ನಿಮ್ಮ ಕೈಸೇರುವ ಮೊದಲೇ ಅದನ್ನು ಮುಗಿಸಿರಬಹುದು. ಇವತ್ತು ಹಾಕುವ ಬೀಗ ನಿನ್ನೆಯದನ್ನು ತಡೆಯುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ. ಆದ್ದರಿಂದ ಇವತ್ತು ತುರ್ತಾಗಿ ಆಗಬೇಕಾದದ್ದು ದಾಖಲೆಗಳನ್ನು ಉಳಿಸಿಕೊಳ್ಳುವ ಕೆಲಸ. ಯಾರು, ಯಾವಾಗ, ಎಲ್ಲಿಂದ ಲಾಗಿನ್ ಆದರು, ಯಾವ ಕಡತವನ್ನು ಇಳಿಸಿಕೊಂಡರು, ಯಾವುದನ್ನು ಹೊರಗಿನ ಮೇಲ್ ವಿಳಾಸಕ್ಕೆ ಹಂಚಿಕೊಂಡರು ಎಂಬ ಲಾಗ್‌ಗಳು ಶಾಶ್ವತವಲ್ಲ. ಮೈಕ್ರೋಸಾಫ್ಟ್‌ನ ಲಾಗಿನ್ ನಿರ್ವಹಣಾ ಸೇವೆ ಎಂಟ್ರಾ ಐಡಿಯ ಉಚಿತ ಶ್ರೇಣಿಯಲ್ಲಿ ಲಾಗಿನ್ ದಾಖಲೆಗಳು 7 ದಿನ ಮಾತ್ರ ಉಳಿಯುತ್ತವೆ, ಹಣ ಕೊಡುವ ಶ್ರೇಣಿಯಲ್ಲಿ 30 ದಿನ. ನೀವು ಬಳಸುವ ಸೇವೆ ಯಾವುದೇ ಇರಲಿ, ಕಳೆದ ಒಂದೆರಡು ತಿಂಗಳ ಲಾಗ್‌ಗಳಲ್ಲಿ ಸಿಕ್ಕಷ್ಟನ್ನು ಈಗಲೇ ಇಳಿಸಿ ಬೇರೆಡೆ ಇಟ್ಟುಕೊಳ್ಳಿ. ಅವರ ಮೇಲೆ ಅನುಮಾನವಿದೆ ಎಂದಲ್ಲ. ನಾಳೆ ಅನುಮಾನ ಬಂದರೆ ಅದು ಸುಳ್ಳೆಂದು ತೋರಿಸಲೂ ಇದೇ ದಾಖಲೆ ಬೇಕಾಗುತ್ತದೆ.

ಪಾಸ್‌ವರ್ಡ್ ಬದಲಾಯಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆಯನ್ನು ಸ್ವಲ್ಪ ವಿವರವಾಗಿಯೇ ಬಿಡಿಸಬೇಕಾಗಿದೆ, ಏಕೆಂದರೆ ಹೆಚ್ಚಿನ ಸಂಸ್ಥೆಗಳು ಎಡವುವುದು ಇಲ್ಲೇ. ನೀವು ಒಮ್ಮೆ ಲಾಗಿನ್ ಆದ ಮೇಲೆ ಪ್ರತಿ ಸಲವೂ ಪಾಸ್‌ವರ್ಡ್ ಕೇಳದಿರಲೆಂದು ಆ ಸೇವೆಯು ನಿಮ್ಮ ಫೋನಿಗೋ ಬ್ರೌಸರಿಗೋ ಒಂದು ಟೋಕನ್ ಕೊಟ್ಟಿರುತ್ತದೆ. ಬಾಗಿಲಲ್ಲಿ ಚೀಟಿ ತೋರಿಸಿ ಒಳಗೆ ಬಂದವರನ್ನು, ಆಮೇಲೆ ಬಾಗಿಲಿನ ಬೀಗ ಬದಲಾಯಿಸಿದ ಮಾತ್ರಕ್ಕೆ ಹೊರಗೆ ಕಳುಹಿಸಿದಂತಾಗುವುದಿಲ್ಲವಷ್ಟೆ. ಮೈಕ್ರೋಸಾಫ್ಟ್‌ನ ವ್ಯವಸ್ಥೆಯಲ್ಲಿ ಇಂಥ ಪ್ರವೇಶ ಟೋಕನ್ ಸಾಮಾನ್ಯವಾಗಿ 60ರಿಂದ 90 ನಿಮಿಷ ಬಾಳುತ್ತದೆ, ಅದನ್ನು ನವೀಕರಿಸುವ ಇನ್ನೊಂದು ಟೋಕನ್ ತುಂಬ ಹೆಚ್ಚು ಕಾಲ ಉಳಿಯುತ್ತದೆ. ಪಾಸ್‌ವರ್ಡ್ ಬದಲಾದೊಡನೆ ಹಳೆಯ ಟೋಕನ್‌ಗಳನ್ನೆಲ್ಲ ರದ್ದುಮಾಡುವ ಸೇವೆಗಳಿವೆ, ರದ್ದುಮಾಡದ ಸೇವೆಗಳೂ ಇವೆ. ಆದ್ದರಿಂದ ಖಾತೆಯನ್ನು ತಡೆಹಿಡಿಯುವಾಗ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸುವ ಗುಂಡಿ ಅಡ್ಮಿನ್ ಪುಟದಲ್ಲಿ ಎಲ್ಲಿದೆಯೆಂದು ಮೊದಲೇ ಹುಡುಕಿಟ್ಟುಕೊಂಡು, ಅದನ್ನು ಪ್ರತ್ಯೇಕವಾಗಿ ಒತ್ತಬೇಕು.

ಇದಕ್ಕಿಂತ ಆಳದಲ್ಲಿರುವುದು ಪಾಸ್‌ವರ್ಡ್‌ಗೆ ಸಂಬಂಧವೇ ಇಲ್ಲದ ಕೀಲಿಗಳು. ಅಮೆಜಾನ್ ಕ್ಲೌಡ್‌ನಲ್ಲಿ ಪ್ರೋಗ್ರಾಮುಗಳಿಗಾಗಿ ಸೃಷ್ಟಿಸುವ ಆ್ಯಕ್ಸೆಸ್ ಕೀಗಳು ವೆಬ್‌ಪುಟದ ಪಾಸ್‌ವರ್ಡ್ ಬದಲಾದರೂ ಹಾಗೆಯೇ ಕೆಲಸ ಮಾಡುತ್ತಿರುತ್ತವೆ. ಲಿನಕ್ಸ್ ಸರ್ವರಿನಲ್ಲಿ ಒಬ್ಬರ ಪಾಸ್‌ವರ್ಡ್‌ಗೆ ಬೀಗ ಹಾಕಿದರೂ, ಅವರ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀಲಿ) ಅಲ್ಲಿನ ಅಧಿಕೃತ ಕೀಗಳ ಕಡತದಲ್ಲಿ ಉಳಿದಿದ್ದರೆ ಅವರು ಎಂದಿನಂತೆ ಒಳಗೆ ಬರಬಲ್ಲರು. ನಿಮ್ಮಂಥ ಕೆಲಸದಲ್ಲಿ ಪ್ರತಿ ಗ್ರಾಹಕರ ಸರ್ವರಿನಲ್ಲೂ ಇಂಥದೊಂದು ಸಾಲು ಇದ್ದೇ ಇರುತ್ತದೆ. ಕೋಡ್‌ನೊಳಗೆ ಬರೆದಿಟ್ಟ ಡೇಟಾಬೇಸ್ ಪಾಸ್‌ವರ್ಡ್, ಹಣ ಪಾವತಿ ಸೇವೆಯ ಎಪಿಐ ಕೀ (ಪ್ರೋಗ್ರಾಮುಗಳು ಆ ಸೇವೆಯನ್ನು ಬಳಸಲು ತೋರಿಸುವ ಗುಟ್ಟಿನ ಕೀಲಿ), ಕಚೇರಿಯ ವೈ-ಫೈ ಪಾಸ್‌ವರ್ಡ್, ಜಾಹೀರಾತು ಖಾತೆ, ಸಾಮಾಜಿಕ ಜಾಲತಾಣಗಳ ಖಾತೆ, ಹೀಗೆ ನಾಲ್ಕು ಜನ ಹಂಚಿಕೊಂಡು ಬಳಸುವ ಯಾವುದೇ ಗುಟ್ಟು ಅದನ್ನು ಬಲ್ಲವರೊಬ್ಬರು ಹೋದಾಗ ಬದಲಾಗಬೇಕು. ಕೋಡ್ ಸಂಗ್ರಹಿಸಿಡುವ ಸೇವೆಯಾದ ಗಿಟ್‌ಹಬ್‌ನಲ್ಲಿ ಸಂಸ್ಥೆಯ ಸದಸ್ಯತ್ವದಿಂದ ತೆಗೆದಾಗ ಸಂಸ್ಥೆಯ ಖಾಸಗಿ ಕೋಡ್‌ನಿಂದ ಅವರು ಮಾಡಿಕೊಂಡಿದ್ದ ಫೋರ್ಕ್‌ಗಳು, ಅಂದರೆ ಅದೇ ತಾಣದಲ್ಲಿರುವ ನಕಲುಗಳು, ಅಳಿಯುತ್ತವೆ, ಆದರೆ ಅವರ ಕಂಪ್ಯೂಟರಿಗೆ ಇಳಿದಿರುವ ಪ್ರತಿ ಅಲ್ಲೇ ಇರುತ್ತದೆ; ಆ ಪ್ರತಿಯ ಹಳೆಯ ಆವೃತ್ತಿಗಳಲ್ಲಿ ಎಂದೋ ಬರೆದು ಮರೆತ ಪಾಸ್‌ವರ್ಡ್‌ಗಳೂ ಇರುತ್ತವೆ. ಕೋಡನ್ನು ಮರಳಿ ಪಡೆಯಲಾಗದು, ಪಾಸ್‌ವರ್ಡನ್ನು ಬದಲಾಯಿಸಬಹುದು.

ಖಾತೆಯನ್ನು ಅಳಿಸಿಬಿಡುವುದು ಇನ್ನೂ ಸುರಕ್ಷಿತ ಎಂಬ ಪಾಲುದಾರರ ಸಲಹೆ, ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರರ ಖಾತೆಯನ್ನು 20 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದು, ಮೈಕ್ರೋಸಾಫ್ಟ್ 365ರಲ್ಲಿ 30 ದಿನಗಳೊಳಗೆ. ಅಷ್ಟರಲ್ಲಿ ಅವರ ಹೆಸರಿನಲ್ಲಿದ್ದ ಕಡತಗಳನ್ನು ಬೇರೆಯವರಿಗೆ ವರ್ಗಾಯಿಸದಿದ್ದರೆ, ಇಡೀ ತಂಡ ದಿನನಿತ್ಯ ಬಳಸುತ್ತಿದ್ದ ದಾಖಲೆಗಳೂ ಅವರೊಂದಿಗೇ ಹೋಗಿಬಿಡಬಹುದು. ತಡೆಹಿಡಿಯುವುದು ಬೇರೆ, ಅಳಿಸುವುದು ಬೇರೆ. ತಡೆಹಿಡಿದ ಖಾತೆಯೊಳಗೆ ಯಾರೂ ಬರಲಾರರು, ಆದರೆ ಅದರೊಳಗಿನದೆಲ್ಲ ಉಳಿದಿರುತ್ತದೆ. ಒಂದೆರಡು ತಿಂಗಳ ಚಂದಾ ಹಣ ಉಳಿಸುವ ಆತುರಕ್ಕೆ ವರ್ಷಗಳ ಕಡತಗಳನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ನಾನು ಸಲಹೆಗಾರನಾಗಿದ್ದ ಒಂದು ಸಂಸ್ಥೆಯ ಅನುಭವವನ್ನು ಇಲ್ಲಿ ಹೇಳಬೇಕು. ಅಲ್ಲಿ ಪ್ರತಿ ರಾತ್ರಿ ಬ್ಯಾಕಪ್ ತೆಗೆಯುವ ಕೆಲಸವನ್ನು ವರ್ಷಗಳ ಹಿಂದೆ ಯಾರೋ ತಮ್ಮ ಸ್ವಂತ ಲಾಗಿನ್‌ನಲ್ಲೇ ಹೊಂದಿಸಿಟ್ಟಿದ್ದರು. ಅವರು ಬಿಟ್ಟ ದಿನ ಬಹಳ ಶಿಸ್ತಿನಿಂದ ಅವರ ಖಾತೆಯನ್ನು ಮುಚ್ಚಲಾಯಿತು. ಆ ರಾತ್ರಿಯಿಂದಲೇ ಬ್ಯಾಕಪ್ ನಿಂತಿತು. ಅದು ವಿಫಲವಾಗುತ್ತಿದೆಯೆಂಬ ಎಚ್ಚರಿಕೆಯ ಮೇಲ್‌ಗಳೂ ಮುಚ್ಚಿದ ಆ ಖಾತೆಗೇ ಹೋಗುತ್ತಿದ್ದವು. ತಿಂಗಳುಗಳ ನಂತರ ಡಿಸ್ಕ್ ಕೆಟ್ಟಾಗ ವಿಷಯ ಗೊತ್ತಾಯಿತು. ಹೋದವರು ಒಂದು ಕಡತವನ್ನೂ ಮುಟ್ಟಿರಲಿಲ್ಲ, ನಷ್ಟ ಮಾಡಿಕೊಂಡದ್ದು ಆ ಸಂಸ್ಥೆಯ ಅವಸರವೇ. ನಿಮ್ಮಲ್ಲಿಯೂ ಯಾವ ಸ್ವಯಂಚಾಲಿತ ಕೆಲಸಗಳು ಅವರ ಹೆಸರಿನಲ್ಲಿ ಓಡುತ್ತಿವೆ ಎಂದು ತಿಳಿಯುವ ತನಕ ಅವರ ಖಾತೆಯನ್ನು ಮುಚ್ಚಿದರೆ ಏನೇನು ನಿಲ್ಲುತ್ತದೆ ಎಂದು ಯಾರೂ ಹೇಳಲಾರರು.

ಗೌಪ್ಯತೆಯ ಒಪ್ಪಂದದ ವಿಷಯ ಚಿಕ್ಕದು. ಅದು ಬೇಕು, ಆದರೆ ಅದು ತಡೆಯುವ ಸಾಧನವಲ್ಲ, ಆಮೇಲೆ ಹೊಣೆ ಹೊರಿಸುವ ಸಾಧನ. ಯಾವುದು ಗೌಪ್ಯ ಎಂದು ನೀವೇ ಗುರುತಿಸಿರದಿದ್ದರೆ, ಎಲ್ಲರಿಗೂ ಎಲ್ಲವೂ ತೆರೆದಿದ್ದರೆ, ವ್ಯಾಪಾರದ ಗುಟ್ಟನ್ನು ಕಾಪಾಡಲು ನೀವು ತಕ್ಕ ಕ್ರಮ ಕೈಗೊಂಡಿದ್ದಿರಾ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಕೊನೆಯ ದಿನ ಅವರೊಂದಿಗೆ ಕುಳಿತು, ಒಪ್ಪಂದದ ಮುಖ್ಯ ಅಂಶಗಳನ್ನು ನೆನಪಿಸಿ, ಸಂಸ್ಥೆಯ ಯಾವ ಕಡತವೂ ತಮ್ಮ ಬಳಿ ಉಳಿದಿಲ್ಲ ಎಂದು ಒಂದು ಸಾಲು ಬರೆಸಿಕೊಳ್ಳಿ. ಉಳಿದದ್ದು ವಕೀಲರ ಕೆಲಸ.

ಈಗ ನಿಮ್ಮ ಮುಂದಿರುವ ದಾರಿಗಳು. ಇವತ್ತೇ ಎಲ್ಲ ಮುಚ್ಚುವುದು ಒಂದು. ಜಗಳವಾಡಿ ಹೊರಡುವವರ ವಿಷಯದಲ್ಲಿ, ಅಥವಾ ಲಾಗ್‌ಗಳಲ್ಲಿ ಅಸಹಜವಾದದ್ದು ಕಂಡುಬಂದರೆ, ಇದೇ ಸರಿ. ಅಂಥ ಸಂದರ್ಭದಲ್ಲಿ ನೋಟಿಸ್ ಅವಧಿಯ ಸಂಬಳ ಕೊಟ್ಟು ಮನೆಗೆ ಕಳುಹಿಸುವುದೇ ಅಗ್ಗ. ನಿಮ್ಮ ಸಂದರ್ಭದಲ್ಲಿ ಅದರ ಬೆಲೆ ದೊಡ್ಡದು: ಯಾವ ಕೀಲಿ ಎಲ್ಲಿದೆಯೆಂದು ಹೇಳಬಲ್ಲ ಒಬ್ಬರೇ ಒಬ್ಬರ ಸಹಕಾರವನ್ನು ಕಳೆದುಕೊಳ್ಳುತ್ತೀರಿ. ಕೊನೆಯ ದಿನದವರೆಗೆ ಎಲ್ಲವನ್ನೂ ಹಾಗೆಯೇ ಬಿಡುವುದು ಇನ್ನೊಂದು ದಾರಿ. ಸಂಕೋಚದಿಂದ ಹೆಚ್ಚಿನವರು ಹಿಡಿಯುವುದು ಇದನ್ನೇ, ಮತ್ತು ಕೊನೆಯ ದಿನ ಸಂಜೆ ಐದು ಗಂಟೆಗೆ ಒಂದು ತಿಂಗಳ ಕೆಲಸವನ್ನು ಒಂದು ತಾಸಿನಲ್ಲಿ ಮುಗಿಸಲು ಹೊರಟು ಅರ್ಧದಷ್ಟನ್ನು ಮರೆಯುವುದೂ ಇಲ್ಲೇ.

ನಾನು ಸೂಚಿಸುವುದು ನಡುವಣ ದಾರಿ. ಅವರ ಅಧಿಕಾರವನ್ನು ವಾರವಾರವೂ ಕಿರಿದು ಮಾಡುತ್ತ ಹೋಗುವುದು, ಅದನ್ನು ಅವರ ಕೈಯಿಂದಲೇ ಮಾಡಿಸುವುದು. ಇದರಲ್ಲೂ ಅಪಾಯವಿಲ್ಲದಿಲ್ಲ, ಅವರು ಇನ್ನೂ ಮೂರು ವಾರ ಒಳಗಿರುತ್ತಾರೆ. ಆದರೆ ಪ್ರತಿ ಹಸ್ತಾಂತರದಲ್ಲೂ ಇನ್ನೊಬ್ಬ ಸಹೋದ್ಯೋಗಿ ಪಕ್ಕದಲ್ಲಿ ಕುಳಿತಿದ್ದರೆ ಆ ಅಪಾಯ ಬಹುಮಟ್ಟಿಗೆ ಇಳಿಯುತ್ತದೆ. "ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ, ನೀವು ಹೋದ ಮೇಲೆ ಏನಾದರೂ ಕೆಟ್ಟರೆ ನಿಮ್ಮ ಹೆಸರು ನಡುವೆ ಬರಬಾರದು" ಎಂದು ಮೊದಲ ದಿನವೇ ಅವರಿಗೆ ನೇರವಾಗಿ ಹೇಳಿ. ಈ ಮಾತು ಬರೀ ಉಪಚಾರದ್ದಲ್ಲ. ಹೋದ ಉದ್ಯೋಗಿಯ ಲಾಗಿನ್ ಜೀವಂತವಾಗಿದ್ದು ಅದನ್ನು ಮೂರನೆಯವರು ಕದ್ದು ಬಳಸಿದರೆ ಮೊದಲು ಬೆರಳು ತೋರುವುದು ಆ ಉದ್ಯೋಗಿಯ ಕಡೆಗೇ. ಕಸುಬು ಬಲ್ಲವರು ಇದನ್ನು ಅವಮಾನವೆಂದು ತಿಳಿಯುವುದಿಲ್ಲ. ನನ್ನ ಅನುಭವದಲ್ಲಿ ಬಹಳಷ್ಟು ಜನ ನಿರಾಳವಾಗುತ್ತಾರೆ.

ಮೊದಲು ಡೊಮೇನ್‌ನಿಂದ ಆರಂಭಿಸಿ. ಡೊಮೇನ್ ಯಾರ ಕೈಯಲ್ಲಿದೆಯೋ ಮೇಲ್ ಅವರ ಕೈಯಲ್ಲಿ, ಮೇಲ್ ಯಾರ ಕೈಯಲ್ಲಿದೆಯೋ ಉಳಿದೆಲ್ಲ ಸೇವೆಗಳ ಪಾಸ್‌ವರ್ಡನ್ನು ಬದಲಾಯಿಸುವ ಶಕ್ತಿ ಅವರ ಕೈಯಲ್ಲಿ. ಸಣ್ಣ ಸಂಸ್ಥೆಗಳಲ್ಲಿ ಡೊಮೇನನ್ನು ಆರಂಭದ ದಿನಗಳಲ್ಲಿ ಯಾರೋ ಒಬ್ಬರು ತಮ್ಮ ವೈಯಕ್ತಿಕ ಮೇಲ್ ಮತ್ತು ಕಾರ್ಡ್ ಬಳಸಿ ಕೊಂಡಿರುವುದು ತೀರ ಸಾಮಾನ್ಯ. ಸಾಮಾನ್ಯವಾದ ಡಾಟ್ ಕಾಮ್‌ನಂಥ ಡೊಮೇನ್‌ಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮೊದಲು ನೆನಪಿನ ಮೇಲ್ ಕಳುಹಿಸಲೇಬೇಕೆಂಬ ನಿಯಮ ಇದೆ, ಆದರೆ ಆ ಮೇಲ್ ಹೋಗುವುದು ಖಾತೆಯಲ್ಲಿ ಬರೆದಿರುವ ವಿಳಾಸಕ್ಕೆ. ಆ ವಿಳಾಸ ಹೋದವರದ್ದಾಗಿದ್ದರೆ ನಿಮಗೆ ತಿಳಿಯುವುದು ಜಾಲತಾಣ ನಿಂತ ದಿನ. ಆದ್ದರಿಂದ ಡೊಮೇನ್, ಕ್ಲೌಡ್‌ನ ಮೂಲ ಖಾತೆ, ಆ್ಯಪ್ ಮಳಿಗೆಗಳ ಡೆವಲಪರ್ ಖಾತೆ, ಇವುಗಳನ್ನು ವ್ಯಕ್ತಿಯ ಹೆಸರಿಲ್ಲದ ಒಂದು ಸಂಸ್ಥೆಯ ಮೇಲ್ ವಿಳಾಸಕ್ಕೆ ವರ್ಗಾಯಿಸಿ. ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತದ ದೃಢೀಕರಣವನ್ನೂ ನೋಡಿ: ಒಟಿಪಿ ಅವರ ಫೋನಿಗೆ ಹೋಗುತ್ತಿದ್ದರೆ ಪಾಸ್‌ವರ್ಡ್ ನಿಮ್ಮ ಬಳಿಯಿದ್ದೂ ಪ್ರಯೋಜನವಿಲ್ಲ. ಅವರು ಎದುರಿಗಿರುವಾಗಲೇ ಫೋನ್ ಬದಲಾಯಿಸಿ, ಲಾಗ್‌ಔಟ್ ಆಗಿ, ಅವರ ನೆರವಿಲ್ಲದೆ ಮತ್ತೊಮ್ಮೆ ಲಾಗಿನ್ ಆಗಿ ಪರೀಕ್ಷಿಸಿ. ಈ ಪರೀಕ್ಷೆಯನ್ನು ಬಿಟ್ಟವರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಎರಡು ತಿಂಗಳ ನಂತರ.

ಯಾವ ಯಾವ ಖಾತೆ, ಕೀಲಿಗಳಿವೆ ಎಂಬ ಪಟ್ಟಿಯನ್ನು ಅವರ ನೆನಪಿನಿಂದ ಮಾತ್ರ ಬರೆಯಿಸಬೇಡಿ. ಕಳೆದ ಒಂದು ವರ್ಷದ ಪಾವತಿಗಳ ಲೆಕ್ಕ ತೆಗೆದು ನೋಡಿದರೆ ಸಂಸ್ಥೆ ಯಾವ ಯಾವ ಸೇವೆಗೆ ಚಂದಾ ಕೊಡುತ್ತಿದೆ ಎಂಬುದು ಹೊರಬೀಳುತ್ತದೆ. ಅವರ ಮೇಲ್‌ಪೆಟ್ಟಿಗೆಗೆ ಬಂದಿರುವ ಸ್ವಾಗತದ ಮೇಲ್‌ಗಳನ್ನು, ಪಾಸ್‌ವರ್ಡ್ ಬದಲಾವಣೆಯ ಮೇಲ್‌ಗಳನ್ನು ಅವರೇ ಹುಡುಕಿ ತೋರಿಸಿದರೆ ಉಚಿತ ಸೇವೆಗಳೂ ಸಿಗುತ್ತವೆ. ಈ ಎರಡರಿಂದ ಸಿಗುವ ಪಟ್ಟಿ ಯಾವಾಗಲೂ ನೀವು ಊಹಿಸಿದ್ದಕ್ಕಿಂತ ಉದ್ದವಾಗಿರುತ್ತದೆ. ಹಳೆಯ ಎಪಿಐ ಕೀ ಅಥವಾ ಆ್ಯಕ್ಸೆಸ್ ಕೀಯನ್ನು ಬದಲಾಯಿಸುವಾಗ ಮೊದಲು ನಿಷ್ಕ್ರಿಯಗೊಳಿಸಿ, ಕೆಲವು ದಿನ ಏನೂ ನಿಲ್ಲಲಿಲ್ಲವೆಂದು ಖಚಿತವಾದ ಮೇಲೆ ಅಳಿಸಿ. ಈ ಕೆಲಸವನ್ನು ಅವರು ಇನ್ನೂ ಇರುವಾಗಲೇ ಮಾಡಿದರೆ, ನಿಂತದ್ದನ್ನು ಸರಿಪಡಿಸಲು ಅವರೇ ಇರುತ್ತಾರೆ. ನೋಟಿಸ್ ಅವಧಿಯ ಅತ್ಯುತ್ತಮ ಉಪಯೋಗ ಇದೇ ಎಂದು ನಾನು ತಿಳಿದಿದ್ದೇನೆ.

ಕೊನೆಯ ದಿನ ಉಳಿಯುವುದು ಆಗ ಸ್ವಲ್ಪವೇ. ಅವರ ಖಾತೆಯನ್ನು ತಡೆಹಿಡಿಯುವುದು, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿಸುವುದು, ಗ್ರಾಹಕರ ಸರ್ವರುಗಳಿಂದ ಅವರ ಕೀಯನ್ನು ತೆಗೆಯುವುದು, ಲ್ಯಾಪ್‌ಟಾಪ್ ಹಿಂಪಡೆಯುವುದು. ಸಂಸ್ಥೆಯ ಐಫೋನ್ ಕೊಟ್ಟಿದ್ದರೆ ಅವರ ಆ್ಯಪಲ್ ಖಾತೆಯಿಂದ ಅವರೇ ಹೊರಬಂದು ಕೊಡಬೇಕು, ಇಲ್ಲವಾದರೆ ಆ ಫೋನ್ ಆ್ಯಕ್ಟಿವೇಶನ್ ಲಾಕ್‌ನಲ್ಲಿ ಸಿಕ್ಕಿ ಇನ್ನೊಬ್ಬರಿಗೆ ಉಪಯೋಗಕ್ಕೆ ಬಾರದು. ಲ್ಯಾಪ್‌ಟಾಪನ್ನು ಮರುದಿನವೇ, ಅದರಲ್ಲಿರುವುದನ್ನೆಲ್ಲ ಅಳಿಸಿ, ಹೊಸಬರಿಗೆ ಕೊಡಬೇಡಿ. ಅದರಲ್ಲಿ ಮಾತ್ರ ಉಳಿದಿರುವ ಕಡತ ಯಾವುದಾದರೂ ಇದೆಯೇ ಎಂದು ತಿಳಿಯಲು ಒಂದು ತಿಂಗಳಾದರೂ ಹಾಗೆಯೇ ಇಡಿ.

ವಾಟ್ಸ್‌ಆ್ಯಪ್ ಬಗ್ಗೆ ಕಹಿಯಾದರೂ ನಿಜವನ್ನೇ ಹೇಳಬೇಕು. ಗುಂಪಿನಿಂದ ತೆಗೆದರೆ ಮುಂದಿನ ಸಂದೇಶಗಳು ಅವರಿಗೆ ಹೋಗುವುದಿಲ್ಲ, ಹಿಂದಿನವು ಅವರ ಫೋನಿನಲ್ಲೇ ಉಳಿಯುತ್ತವೆ. ಫೋನ್ ಅವರದು, ಅದರೊಳಗೆ ಅವರ ಮನೆಯ ಮಾತುಕತೆಯೂ ಇದೆ. ಅದನ್ನು ಕೇಳಿ ಪಡೆಯುವ, ಅಳಿಸುವ ಅಧಿಕಾರ ನಿಮಗೆ ಸಾಮಾನ್ಯವಾಗಿ ಇರುವುದಿಲ್ಲ. ಮಾಡಬಹುದಾದದ್ದು ಇಷ್ಟು: ಪ್ರತಿ ಗ್ರಾಹಕರ ಗುಂಪಿಗೂ ಈಗಲೇ ನಿಮ್ಮನ್ನು ಅಡ್ಮಿನ್ ಮಾಡಿಸಿಕೊಳ್ಳಿ, ಒಬ್ಬೊಬ್ಬ ಗ್ರಾಹಕರೊಡನೆ ಅವರು ಪ್ರತ್ಯೇಕವಾಗಿ ನಡೆಸಿದ ಮುಖ್ಯ ಸಂಭಾಷಣೆಗಳನ್ನು ಎಕ್ಸ್‌ಪೋರ್ಟ್ ಮಾಡಿ ಸಂಸ್ಥೆಯ ಮೇಲ್‌ಗೆ ಕಳುಹಿಸುವಂತೆ ಕೇಳಿ, ಅವರು ಹೊರಡುವ ಮೊದಲು ಗ್ರಾಹಕರಿಗೆ ಇನ್ನು ಮುಂದೆ ಯಾರನ್ನು ಸಂಪರ್ಕಿಸಬೇಕೆಂದು ಅವರಿಂದಲೇ ಒಂದು ಸಂದೇಶ ಹಾಕಿಸಿ. ಈ ಕೊನೆಯದನ್ನು ಲಘುವಾಗಿ ಎಣಿಸಬೇಡಿ. ಅವರು ಬಿಟ್ಟಿರುವುದು ತಿಳಿಯದ ಗ್ರಾಹಕರು ಆರು ತಿಂಗಳ ನಂತರವೂ ತಮ್ಮ ಪಾಸ್‌ವರ್ಡನ್ನು ಅವರಿಗೇ ಕಳುಹಿಸುತ್ತಿರುತ್ತಾರೆ, ಅದರಲ್ಲಿ ಆ ಉದ್ಯೋಗಿಯ ತಪ್ಪೇನೂ ಇರುವುದಿಲ್ಲ.

ಇನ್ನು ಮೇಲ್ ತೆರೆಯುವ ಪ್ರಶ್ನೆ. ಸಂಸ್ಥೆಯ ಮೇಲ್ ಸಂಸ್ಥೆಯದೇ ಎಂದು ಹೇಳುವುದು ಸುಲಭ, ಆದರೆ ಉದ್ಯೋಗಿಯ ಖಾಸಗಿತನದ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ; ನೇಮಕಾತಿಯ ಸಮಯದಲ್ಲಿ ನೀವು ಲಿಖಿತವಾಗಿ ಏನು ತಿಳಿಸಿದ್ದೀರಿ ಎಂಬುದೂ ಅಷ್ಟೇ ಮುಖ್ಯ. ಅದನ್ನು ವಕೀಲರೊಬ್ಬರಿಗೆ ಕೇಳಿ. ಕಾನೂನು ಬಿಟ್ಟು ಹೇಳುವುದಾದರೆ, ಹೆಚ್ಚಿನ ವೇಳೆ ತೆರೆದು ಓದುವ ಅಗತ್ಯವೇ ಬೀಳುವುದಿಲ್ಲ. ಹೊರಡುವ ಮೊದಲು ತಮ್ಮ ವೈಯಕ್ತಿಕ ಮೇಲ್‌ಗಳನ್ನು ತೆಗೆದುಕೊಳ್ಳಲು ಅವರಿಗೆ ಅವಕಾಶ ಕೊಡಿ, ಆದರೆ ಆಗಲೂ ಇನ್ನೊಬ್ಬರು ಜೊತೆಗಿರಲಿ. ಆನಂತರ ಆ ಪೆಟ್ಟಿಗೆಯನ್ನು ಹಂಚಿಕೆಯ ಮೇಲ್‌ಪೆಟ್ಟಿಗೆಯಾಗಿ ಬದಲಾಯಿಸಿ, ಬರುವ ಮೇಲ್‌ಗಳಿಗೆ ಅವರು ಸಂಸ್ಥೆಯಲ್ಲಿಲ್ಲ ಎಂಬ ತಾನೇ ಹೋಗುವ ಉತ್ತರವನ್ನು ಇಟ್ಟು, ಹೊಸದಾಗಿ ಹೊಣೆ ಹೊತ್ತವರಿಗೆ ಮಾತ್ರ ನೋಡಲು ಬಿಡಿ. ಮೈಕ್ರೋಸಾಫ್ಟ್ 365ರಲ್ಲಿ ಇಂಥ ಪೆಟ್ಟಿಗೆಗೆ 50 ಜಿಬಿಯವರೆಗೆ ಬೇರೆ ಲೈಸೆನ್ಸ್ ಬೇಕಾಗುವುದಿಲ್ಲ. ಮೂರರಿಂದ ಆರು ತಿಂಗಳು ಹೀಗೆ ನಡೆಯಲಿ. ಆ ಅವಧಿಯಲ್ಲಿ ಅಲ್ಲಿಗೆ ಬರುವ ಬಿಲ್ಲು, ಎಚ್ಚರಿಕೆ, ನವೀಕರಣದ ಮೇಲ್‌ಗಳನ್ನು ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಪಟ್ಟಿಯಲ್ಲಿ ಬಿಟ್ಟುಹೋದ ಖಾತೆಗಳು ಒಂದೊಂದಾಗಿ ಅಲ್ಲೇ ಕಾಣಿಸಿಕೊಳ್ಳುತ್ತವೆ.